ಮಾಸುಮಬಿ ಅಕ್ಕೋರು ತಪ್ಪಾಗಿ ಹೇಳಿದ ಒಂದು ಪದ

ನಾನು ತಾಯವ್ವ, ಹುನಗುಂದದ ಕೋರ್ಟಿನಲ್ಲಿ ಟೈಪಿಸ್ಟು. ದಿನಾ ಇಂಗ್ಲಿಷ್ ಕಾಗದಗಳ ನಡುವೆಯೇ ಕೂತಿರುತ್ತೇನೆ. ಆ ಭಾಷೆ ನನ್ನ ಬೆರಳಿಗೆ ಹತ್ತಿಸಿದವರು ಮಾಸುಮಬಿ ಅಕ್ಕೋರು. ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುವುದು ರೂಢಿ. ಅವರು ಹೈಸ್ಕೂಲಿನಲ್ಲಿ ಮೂವತ್ತಾರು ವರ್ಷ ಇಂಗ್ಲಿಷ್ ಕಲಿಸಿ, ಎಂಟು ವರ್ಷದ ಹಿಂದೆ ನಿವೃತ್ತರಾದರು. ಯಜಮಾನರು ಮಲೀಕಸಾಬರು ತೀರಿಕೊಂಡಿದ್ದಾರೆ. ಮಗ ಮುನಾಫ ಬಾಗಲಕೋಟೆಯಲ್ಲಿ ವೈರಿಂಗ್ ಕೆಲಸ ಮಾಡಿ ದಿನಾ ಸಂಜೆ ಮನೆಗೆ ಬರುತ್ತಾನೆ. ಸೊಸೆ ಖುಶನುಮಾ ಅತ್ತೆಯ ಜೊತೆಗೇ ಇರುತ್ತಾಳೆ. ಅವರ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ.

ಅಕ್ಕೋರು ಪದದ ಅರ್ಥವನ್ನು ಬೋರ್ಡಿನ ಮೇಲೆ ಬರೆದು ಕಲಿಸಿದವರಲ್ಲ. ಹಿಂಜ್ ಎನ್ನುವ ಪದ ಬಂದ ದಿನ ನಮ್ಮನ್ನೆಲ್ಲ ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ಬಿಜಾಗರಿ ಮುಟ್ಟಿಸಿದರು. ಯೋಕ್ ಕಲಿಸಲು ಮನೆಯಿಂದ ತತ್ತಿ ತಂದು, ಬಟ್ಟಲಿನಲ್ಲಿ ಒಡೆದು, ಹಳದಿಯನ್ನು ಚಮಚದಲ್ಲಿ ಎತ್ತಿ ತೋರಿಸಿದ್ದರು. ಪಾಠ ಮುಗಿದ ಮೇಲೆ ಆ ತತ್ತಿಯನ್ನು ಸಿಪಾಯಿ ಹುರಿದು ತಿಂದ. "ಕಣ್ಣಿಲೆ ನೋಡ್ರಿ, ಆಮ್ಯಾಲೆ ಬಾಯಿಲೆ ಅನ್ರಿ," ಅನ್ನುತ್ತಿದ್ದರು. ಹೀಗಾಗಿ ಅವರ ಕಡೆ ಕಲಿತವರಿಗೆ ಪದಗಳು ಬಹಳ ಇರಲಿಲ್ಲ, ಇದ್ದಷ್ಟು ಗಟ್ಟಿ ಇದ್ದವು.

ನಿವೃತ್ತಿಯಾದ ಮೇಲೆ ಅವರು ಮನೆಪಾಠ ಹೇಳಲಿಲ್ಲ. ಅಂಜನಾ ಒಬ್ಬಳಿಗೆ ಮಾತ್ರ ಒಪ್ಪಿದರು.

ಅಂಜನಾ ಮರೋಳದ ಹುಡುಗಿ. ಅಪ್ಪ ಅಮಸಿದ್ದಪ್ಪ ಕುರಿ ಸಾಕಿದವರು, ಬೀರಪ್ಪನ ಒಕ್ಕಲು. ದೇವರ ಹೆಸರಿನಲ್ಲಿ ಬಂಧುಬಳಗವೆಲ್ಲ ಕೂಡಿ ಉಣ್ಣುವ ದಿನ ನೂರಾರು ಮಂದಿಗೆ ಅವರದೇ ಅಡುಗೆ. ಮಗಳು ಸಣ್ಣವಳಿದ್ದಾಗಿನಿಂದ ಅಪ್ಪನ ಮಗ್ಗುಲಲ್ಲಿ ನಿಂತು ಮಾಂಸ ಹೆಚ್ಚುವುದನ್ನು ಕಲಿತಳು. ಪಿಯುಸಿ ಮುಗಿದ ಮೇಲೆ ಬಾಗಲಕೋಟೆಯಲ್ಲಿ ಒಂದು ವರ್ಷದ ಹೋಟೆಲ್ ಅಡುಗೆಯ ತರಬೇತಿ ಪಡೆದು, ಬಾದಾಮಿಯಲ್ಲಿ ಹೊಸದಾಗಿ ಆದ ಒಂದು ದೊಡ್ಡ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದಳು. ಗುಹೆ ನೋಡಲು, ಪಟ್ಟದಕಲ್ಲಿಗೆ ಹೋಗಲು ಬಂದವರು ಇಳಿದುಕೊಳ್ಳುವ ಜಾಗ ಅದು. ಕೈ ಚುರುಕು, ಚಾಕು ಚುರುಕು. ಆದರೆ ಅಡುಗೆಮನೆಯ ಮಾತೆಲ್ಲ ಇಂಗ್ಲಿಷು, ಮುಖ್ಯ ಅಡುಗೆಯವರು ಗೋವಾದವರು. ಎಲ್ಲರೂ ಅವರನ್ನು ಶೆಫ್ ಅಂತಲೇ ಕರೆಯುತ್ತಿದ್ದರು. ಅವರು ಏನು ಹೇಳಿದರೂ ಅಂಜನಾ "ಯೆಸ್ ಶೆಫ್" ಅಂದು, ಆಮೇಲೆ ಪಕ್ಕದವರು ಏನು ಮಾಡುತ್ತಾರೆ ಎಂದು ಓರೆಗಣ್ಣಿನಲ್ಲಿ ನೋಡಿ ಮಾಡುತ್ತಿದ್ದಳು.

ಬುಧವಾರ ಅವಳಿಗೆ ವಾರದ ಸೂಟಿ. ಆ ದಿನ ಬಾದಾಮಿಯಿಂದ ಬಸ್ಸು ಹತ್ತಿ ಹುನಗುಂದಕ್ಕೆ ಬಂದು, ಅಕ್ಕೋರ ಮನೆಯಲ್ಲಿ ಎರಡು ತಾಸು ಕೂತು, ಮುಂದೆ ಮರೋಳಕ್ಕೆ ಹೋಗುತ್ತಿದ್ದಳು. ವಾರವಿಡೀ ಕಿವಿಗೆ ಬಿದ್ದ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬರುತ್ತಿದ್ದಳು. ಸಿಮ್ಮರ್ ಅಂದರೆ ಏನೆಂದು ಕೇಳಿದಾಗ ಅಕ್ಕೋರು ಖುಶನುಮಾಳ ಒಲೆಯ ಮೇಲೆ ಹಾಲು ಇಡಿಸಿ, ಉರಿ ಸಣ್ಣದು ಮಾಡಿ, ಅಂಚಿನಲ್ಲಿ ಗುಳ್ಳೆ ಏಳುವ ತನಕ ಮೂವರೂ ಬಗ್ಗಿ ನೋಡುತ್ತ ನಿಂತರು. ಸಂಜೆ ನಾನು ಕೋರ್ಟಿನಿಂದ ಬಂದದ್ದು ಕಂಡು ಖುಶನುಮಾ ಅದೇ ಹಾಲಿಗೆ ಚಹಾಪುಡಿ ಹಾಕಿ ಗೋಡೆಯ ಮೇಲಿಂದ ನನ್ನನ್ನೂ ಕರೆದಳು.

ಹೋದ ವರ್ಷ ದೀಪಾವಳಿ ಮುಗಿದು ಚಳಿ ಸುರುವಾದ ಹೊತ್ತು. ಒಂದು ಶುಕ್ರವಾರ ಬೆಳಿಗ್ಗೆ ಅಕ್ಕೋರ ಮೊಬೈಲಿಗೆ ಅಂಜನಾಳ ಮೆಸೇಜು ಬಂತು. "ಅಕ್ಕೋರ, ಪೋರ್ಕ್ ಬೆಲ್ಲಿ ಅಂದ್ರ ಏನ್ರಿ? ಲಗೂನ ಹೇಳ್ರಿ." ಅಕ್ಕೋರು ಆಗ ಸಂಬಂಧಿಕರ ಲಗ್ನಕ್ಕೆ ಹೊರಟು ನಿಂತಿದ್ದರು. ಒಂದು ಕೈಯಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಲೇ ಉತ್ತರ ಒತ್ತಿದರು. "ಪೋರ್ಕ್ ಅಂದ್ರ ಹಂದಿ ಮಾಂಸ. ಬೆಲ್ಲಿ ಅಂದ್ರ ಹೊಟ್ಟಿ. ಹಂದಿಯ ಹೊಟ್ಟಿ."

ಎರಡೂ ಪದಗಳ ಅರ್ಥ ಸರಿಯಿತ್ತು. ಕೂಡಿಸಿದ್ದು ತಪ್ಪಾಗಿತ್ತು. ಅದು ಯಾರಿಗೂ ಆಗ ಗೊತ್ತಾಗಲಿಲ್ಲ.

ಮುಂದಿನ ಬುಧವಾರ ಅಂಜನಾ ಬರಲಿಲ್ಲ. ಅದರ ಮುಂದಿನ ಬುಧವಾರವೂ ಬರಲಿಲ್ಲ. ಫೋನು ಮಾಡಿದರೆ "ಡ್ಯೂಟಿ ಐತ್ರಿ ಅಕ್ಕೋರ, ಸೀಸನ್ ಅಲ್ರೀ" ಅಂದು ಬೇಗ ಇಟ್ಟುಬಿಡುತ್ತಿದ್ದಳು. ಅಕ್ಕೋರು ಬುಧವಾರ ಮಧ್ಯಾಹ್ನ ಬಸ್ಸು ಬರುವ ಹೊತ್ತಿಗೆ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಮೂರನೆಯ ವಾರ ಖುಶನುಮಾನೇ ನನಗೆ ಹೇಳಿದಳು, "ನಮ್ಮ ಅತ್ತಿಯೋರಿಗೆ ಒಳಗ ಏನೋ ಕೊರ್ಯಾಕತ್ತೇತಿ ತಾಯವ್ವಕ್ಕಾ."

ಒಂದು ಶನಿವಾರ ಅಂಜನಾಳ ತಾಯಿ ಸತ್ಯವ್ವ ಹೊಲದ ಯಾವುದೋ ಉತಾರದ ಕೆಲಸಕ್ಕೆ ಹುನಗುಂದಕ್ಕೆ ಬಂದಿದ್ದರು. ಮರೋಳದ ಬಸ್ಸಿಗೆ ಇನ್ನೂ ಹೊತ್ತಿತ್ತು, ಅಕ್ಕೋರ ಮನೆಗೆ ಬಂದು ಕೂತರು. ನನಗೆ ಕೋರ್ಟು ಸೂಟಿ, ನಾನೂ ಅಲ್ಲೇ ಇದ್ದೆ. ಮಗಳ ಸುದ್ದಿ ಕೇಳಿದ ಕೂಡಲೇ ಸತ್ಯವ್ವ ಸೆರಗು ಬಾಯಿಗೆ ಹಚ್ಚಿಕೊಂಡರು.

"ಹೇಳಬ್ಯಾಡ ಅಂದಾಳ್ರಿ ಅಕ್ಕೋರ. ಹೆಂಗ ಹೇಳ್ಲಿ?"

"ಹೇಳ್ರಿ ಸತ್ಯವ್ವಾ. ನಾ ಏನ್ ಹೊರಗಿನಾಕಿ ಏನು?"

ಸತ್ಯವ್ವ ಹೇಳಿದ್ದು ಇಷ್ಟು. ಅಂಜನಾ ಮೆಸೇಜು ಮಾಡಿದ ಮರುದಿನ ಹೋಟೆಲಿಗೆ ಮುಂಬೈಯಿಂದ ಹದಿನೆಂಟು ಮಂದಿ ಬರುವವರಿದ್ದರು. ಅವರು ಮೊದಲೇ ಪೋರ್ಕ್ ಬೆಲ್ಲಿ ಬೇಕೆಂದು ಹೇಳಿದ್ದರು. ದಿನಾ ಮಾಂಸ ತರುತ್ತಿದ್ದವನು ಕೈ ಕೊಟ್ಟ. ಇಳಕಲ್ಲಿನಲ್ಲಿ ಸಕ್ರವ್ವ ಎನ್ನುವವರು ಹಂದಿ ಸಾಕಿ ಮಾಂಸ ಮಾರುತ್ತಾರೆ ಎಂದು ಯಾರೋ ನಂಬರು ಕೊಟ್ಟರು. ಕನ್ನಡ ಮಾತಾಡುವವಳು ಎಂದು ಶೆಫ್ ಅಂಜನಾಳಿಗೇ ಫೋನು ಮಾಡಲು ಹೇಳಿದರು. ಅವಳು ಅಕ್ಕೋರನ್ನು ಕೇಳಿ, ಸಕ್ರವ್ವನಿಗೆ "ಮೂರು ಕಿಲೋ ಹಂದಿ ಹೊಟ್ಟಿ ಬೇಕ್ರಿ, ಸ್ವಚ್ಛ ಇರಬೇಕು" ಅಂದಳು. ಮರುದಿನ ಬೆಳಿಗ್ಗೆ ಸಕ್ರವ್ವನ ತಮ್ಮ ಟಂಟಂ ಗಾಡಿಯಲ್ಲಿ ಬರ್ಫದ ಡಬ್ಬಿ ತಂದಿಳಿಸಿದ. ಶೆಫ್ ಮುಚ್ಚಳ ತೆಗೆದರೆ ಒಳಗೆ ಐದು ಹಂದಿಗಳ ಜಠರ. ಚೀಲದಂತೆ ಖಾಲಿ, ಬೆಳ್ಳಗೆ ತೊಳೆದದ್ದು. ನಮ್ಮ ಕಡೆ ಬೋಟಿ ಅನ್ನುತ್ತಾರಲ್ಲ, ಅದು.

ಅವರಿಗೆ ಬೇಕಾದದ್ದು ಅದಾಗಿರಲಿಲ್ಲ. ಬಂದವರಿಗೆ ಬೇರೆ ಏನೋ ಬಡಿಸಿ ಸಮಾಧಾನ ಮಾಡಿದರು. ಅಡುಗೆಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಶೆಫ್ ನಗಲಿಲ್ಲ. ಅಂಜನಾಳನ್ನು ಮಾಂಸ ಹೆಚ್ಚುವ ಕಟ್ಟೆಯಿಂದ ತೆಗೆದು ಪಾತ್ರೆ-ಭಾಂಡೆ ತಿಕ್ಕುವ ಕಡೆ ಹಾಕಿದರು. ಅಂದಿನಿಂದ ಅಲ್ಲಿನ ಹುಡುಗರು ಅವಳನ್ನು ಬೋಟಿ ಮೇಡಂ ಅಂತಲೇ ಕರೆಯುತ್ತಿದ್ದಾರೆ.

ಸತ್ಯವ್ವ ಬಸ್ಸಿಗೆ ಹೋದ ಮೇಲೆ ಅಕ್ಕೋರ ಮುಂದಿನ ಚಹಾ ಆರಿ ಕೆನೆ ಕಟ್ಟಿತು.

"ನಾ ಹೇಳಿದ ಮಾತಿಗೆ ಆ ಕೂಸು ಭಾಂಡೆ ತಿಕ್ಕಾಕತ್ಯಾಳ," ಅಂದರು ಕೊನೆಗೆ. "ನನಗ ಖರೇನ ಗೊತ್ತಿರಲಿಲ್ಲ ತಾಯವ್ವಾ. ಗೊತ್ತಿಲ್ಲ ಅನ್ನೂದು ಸೈತ ಗೊತ್ತಿರಲಿಲ್ಲ."

ಖುಶನುಮಾ ಮೊಬೈಲು ತಂದು ಹುಡುಕಿದಳು. ಇಂಗ್ಲಿಷಿನಲ್ಲಿ ಬಂದದ್ದನ್ನು ಅಕ್ಕೋರು ಓದಿ ನಮಗೆ ಬಿಡಿಸಿ ಹೇಳಿದರು. ಪೋರ್ಕ್ ಬೆಲ್ಲಿ ಅಂದರೆ ಹಂದಿಯ ಹೊಟ್ಟೆಯ ಕೆಳಭಾಗದ ಮಾಂಸ, ಎಲುಬು ಇಲ್ಲದ್ದು, ಕೊಬ್ಬು ಜಾಸ್ತಿ. ಚೀನಾ, ಕೊರಿಯಾದ ಕಡೆ ಅದನ್ನು ಬಹಳ ಹೊತ್ತು ಬೇಯಿಸಿಯೋ ಸುಟ್ಟೋ ತಿನ್ನುತ್ತಾರೆ. ಅದಕ್ಕೆ ಉಪ್ಪು ಹಚ್ಚಿ, ಹೊಗೆ ಕೊಟ್ಟರೆ ಬೇಕನ್ ಆಗುತ್ತದೆ. ಒಂದು ಕಾಲಕ್ಕೆ ಅಮೆರಿಕದ ಪೇಟೆಯಲ್ಲಿ ಅದರ ಹೆಸರಿನ ಮೇಲೆ ಮುಂಗಡ ವ್ಯಾಪಾರವೂ ನಡೆಯುತ್ತಿತ್ತಂತೆ. "ನಮ್ಮಲ್ಲಿ ಕಡಲಿಕಾಳಿಗೆ, ಹತ್ತಿಗೆ ಮೊದಲ ದರ ಕಟ್ಟತಾರಲ್ಲ, ಹಂಗ," ಅಂದರು ಅಕ್ಕೋರು. ಚಿತ್ರವೂ ಇತ್ತು, ಇಟ್ಟಿಗೆಯಂಥ ಒಂದು ತುಂಡು.

"ಮುಗೀತಲ್ರಿ ಅತ್ತಿ, ಗೊತ್ತಾತು," ಅಂದಳು ಖುಶನುಮಾ.

"ಏನ್ ಗೊತ್ತಾತು? ಇಟ್ಟಂಗಿ ತುಂಡು ಕಂಡ್ವಿ. ಅದು ಎಲ್ಲಿಂದ ಬಂತು, ಹೊಟ್ಟಿಗೂ ಅದಕ್ಕೂ ಏನ್ ಸಂಬಂಧ, ನಮ್ಮ ಮಾತಿನಾಗ ಅದಕ್ಕೇನಂತಾರ? ಇನ್ನೊಮ್ಮೆ ಓದಿದ್ದನ್ನ ನಂಬಿ ಹೇಳೂದಿಲ್ಲ ನಾ." ಮೊಬೈಲನ್ನು ಬೋರಲು ಹಾಕಿದರು. "ಇಳಕಲ್ಲಿಗೆ ಹೋಗ್ತೇನಿ. ಆ ಸಕ್ರವ್ವನ್ನ ಕೇಳ್ತೇನಿ. ಅಕಿಗೂ ಒಂದು ಮಾತು ಹೇಳೂದೈತಿ."

ಖುಶನುಮಾ ನನ್ನ ಮುಖ ನೋಡಿದಳು. "ಅಲ್ಲಿ ಹಂದಿ ಮಾಂಸ ಮಾರತಾರ್ರಿ ಅತ್ತಿ. ನಮ್ಮೋರು ಯಾರರ ನೋಡಿದ್ರ?"

"ನೋಡ್ಲಿ. ನಾ ತಿನ್ನಾಕ ಹೊಂಟಿಲ್ಲ, ಕೇಳಾಕ ಹೊಂಟೀನಿ."

ರವಿವಾರ ನಾನೂ ಅವರೂ ಆಧಾರ ಕಾರ್ಡು ತೋರಿಸಿ ಬಸ್ಸು ಹತ್ತಿದೆವು. ಇಳಕಲ್ಲಿನಲ್ಲಿ ಇಳಿದು, ಗ್ರಾನೈಟ್ ಪಾಲಿಶ್ ಮಾಡುವ ಶೆಡ್ಡುಗಳ ಬಿಳಿ ಧೂಳು ದಾಟಿ, ಊರ ಅಂಚಿನಲ್ಲಿ ಕೇಳುತ್ತ ಕೇಳುತ್ತ ಹೋದೆವು. ತಗಡಿನ ಚಪ್ಪರದ ಕೆಳಗೆ ಒಂದು ಮರದ ತುಂಡು, ತಕ್ಕಡಿ. ಐವತ್ತರ ಹೆಂಗಸು ಮೂರು ಗಿರಾಕಿಗಳಿಗೆ ಮಾಂಸ ಕಟ್ಟಿಕೊಡುತ್ತಿದ್ದರು. ತಲೆಯ ಮೇಲೆ ಸೆರಗು ಹೊದ್ದ ಅಕ್ಕೋರನ್ನು ಕಂಡದ್ದೇ ಅವರ ಕೈ ನಿಂತಿತು.

"ಯಾಕ್ರಿ ಯಕ್ಕಾ, ನಮ್ಮ ಹಂದಿ ನಿಮ್ಮ ಓಣಿಗೆ ಬಂದಿದ್ವೇನು? ಹುಡುಗರಿಗೆ ಹೇಳೀನ್ರಿ, ಹೊರಗ ಬಿಡಬ್ಯಾಡ್ರಿ ಅಂತ..."

"ಇಲ್ಲವಾ, ಜಗಳಕ್ಕ ಬಂದಿಲ್ಲ. ನಾ ಹುನಗುಂದದ ಟೀಚರ್. ಬಾದಾಮಿ ಹೋಟೆಲ್ಲಿಗೆ ನೀವು ಹೊಟ್ಟಿ ಕಳಿಸಿದ್ರಲ್ಲ, ಅದರ ಸಲುವಾಗಿ ಬಂದೀನಿ."

ಸಕ್ರವ್ವನ ಮುಖ ಬಾಡಿತು. ಗಿರಾಕಿಗಳನ್ನು ಕಳಿಸಿದರು. ಮಾಂಸದ ಮೇಲೆ ತಾಡಪತ್ರಿ ಎಳೆದು ಮುಚ್ಚಿದರು. ಹಿಂದೆ ಹೋಗಿ ಸಾಬೂನು ಹಚ್ಚಿ ಮೊಣಕೈ ತನಕ ತೊಳೆದುಕೊಂಡು ಬಂದರು. ಗಾಳಿ ಬೀಸುವ ಕಡೆ ಎರಡು ಕುರ್ಚಿ ಹಾಕಿದರು. ಯಾರೂ ಹೇಳದೆ ಇದನ್ನೆಲ್ಲ ಮಾಡಿ, ತಾವು ಮಾತ್ರ ದೂರ ನೆಲದ ಮೇಲೆ ಕುಳಿತರು.

"ಅಂಗಡಿ ಚಾ ತರಸ್ತೇನ್ರಿ. ನಮ್ಮ ಮನಿದು ನಿಮಗ ಹೊಂದೂದಿಲ್ಲ."

"ನಿಮ್ಮ ಮನಿ ನೀರು ಕೊಡ್ರಿ ಸಕ್ರವ್ವಾ. ಬಿಸಿಲಾಗ ಬಂದೀವಿ."

ಸಕ್ರವ್ವ ತಂಬಿಗೆಯನ್ನು ಎರಡು ಸಲ ತೊಳೆದು ನೀರು ತಂದುಕೊಟ್ಟರು. ಅಕ್ಕೋರು ಅರ್ಧ ಕುಡಿದು ನನಗೆ ಕೊಟ್ಟರು. ಆಮೇಲೆ ನಡೆದದ್ದನ್ನೆಲ್ಲ ಹೇಳಿದರು. ಹುಡುಗಿ ಕೇಳಿದ್ದು, ತಾವು ಉತ್ತರ ಕೊಟ್ಟದ್ದು, ಹೋಟೆಲಿಗೆ ಬೇಕಾದದ್ದು ಬೇರೆ ಇದ್ದದ್ದು. ಸಕ್ರವ್ವ ಬಾಯಿ ತೆರೆದು ಕೇಳುತ್ತ ಕೂತವರು ನಡುವೆ ಕಣ್ಣು ಒರೆಸಿಕೊಂಡರು.

"ಖರೇನ್ರಿ? ನನ್ನ ಕೈಯ ತಪ್ಪಲ್ರೇನು?"

"ನಿಮ್ಮ ಕೈದಲ್ಲ. ನನ್ನ ಮಾತಿಂದು."

"ಅಯ್ಯ ಯಕ್ಕಾ, ಒಂದು ತಿಂಗಳಾತ್ರಿ, ಎದಿಯಾಗ ಇಟಕೊಂಡು ಕುಂತೀನಿ. ದೊಡ್ಡ ಹೋಟೆಲ್ಲಿಂದ ಮೊದಲನೇ ಸಲ ಫೋನ್ ಬಂದಿತ್ತು. ಐದು ಹೊಟ್ಟಿ ನನ್ನ ಕಡೆ ಇರಲಿಲ್ಲ. ಗುಳೇದಗುಡ್ಡದಾಗ ನಮ್ಮ ಅಣ್ಣ ಅದಾನ, ಅವನ ಕಡಿಂದ ಎರಡು ತರಸಿದೆ. ಒಳಗಿಂದು ಹೊರಗ ತಿರುವಿ, ಉಪ್ಪು ಹಚ್ಚಿ, ಹುಣಸಿಹಣ್ಣು ಹಚ್ಚಿ, ಏಳು ನೀರಾಗ ತೊಳದೀನ್ರಿ. ಮತ್ತ ಫೋನ್ ಬರಲಿಲ್ಲ. ನಾ ಮಾಡಿದರ ಎತ್ತಲಿಲ್ಲ. ಹೊಲಸಾಗಿತ್ತೋ ಏನೋ, ನಮ್ಮ ಕೈಲೆ ಮುಟ್ಟಿದ್ದು ಅವರಿಗೆ ಬ್ಯಾಡಾತೋ ಏನೋ ಅಂತ..."

ಅಕ್ಕೋರು ಕುರ್ಚಿ ಬಿಟ್ಟು ಕೆಳಗೆ, ಅವರ ಎದುರು ಕೂತರು. ಅರವತ್ತೆಂಟರ ಮೊಣಕಾಲು ಮಡಚಲು ಕಷ್ಟಪಟ್ಟಿತು. "ಈಗ ನನಗ ಕಲಸ್ರಿ," ಅಂದರು. "ಬೆಲ್ಲಿ ಅಂದ್ರ ಯಾವುದು?"

ಸಕ್ರವ್ವ ಸ್ವಲ್ಪ ಯೋಚಿಸಿದರು. ಒಳಗೆ ಹೋಗಿ ಒಂದು ಹಳೆಯ ಕೌದಿ ತಂದರು. ಹಳೆಯ ಬಟ್ಟೆಯ ಮೇಲೆ ಬಟ್ಟೆ ಇಟ್ಟು ಹೊಲಿದು, ಅಂಚು ಹರಿದು, ಪದರುಗಳು ಕಾಣುತ್ತಿದ್ದ ಕೌದಿ.

"ಇದು ನೋಡ್ರಿ. ಮ್ಯಾಲಿನ ಅರಿವಿ ಚರ್ಮ ಅನ್ಕೊಳ್ರಿ. ಅದರ ಕೆಳಗ ಬೆಳ್ಳನ್ನ ಕೊಬ್ಬು. ಅದರ ಕೆಳಗ ಕೆಂಪು ಮಾಂಸ. ಮತ್ತ ಕೊಬ್ಬು, ಮತ್ತ ಮಾಂಸ. ಪಕ್ಕಡಿ ಎಲುವಿನ ಕೆಳಗ ಮೈ ಜೋತು ಬಿದ್ದಿರತೈತಲ್ರಿ, ಅಲ್ಲಿದು. ನಮ್ಮ ಮನ್ಯಾಗ ಇದಕ್ಕ ಪದರು ಅಂತೀವಿ." ಕೌದಿಯನ್ನು ಸುತ್ತಿ, ನಡುವೆ ಒಂದು ಖಾಲಿ ಚೀಲ ತುರುಕಿದರು. "ಇದು ಒಳಗಿನ ಹೊಟ್ಟಿ. ತಿಂದದ್ದು ಹೋಗೂದು ಇಲ್ಲಿ. ಇದು ಬೋಟಿ. ಕೌದಿ ಬ್ಯಾರೆ, ಚೀಲ ಬ್ಯಾರೆ. ನೀವು ಕೇಳಿದ್ದು ಚೀಲ, ಅವರಿಗೆ ಬೇಕಾಗಿದ್ದು ಕೌದಿ."

ಅಕ್ಕೋರು ಕೌದಿಯ ಅಂಚನ್ನು ಬೆರಳಿನಲ್ಲಿ ಬಿಡಿಸಿ ನೋಡಿದರು. "ಕನ್ನಡದಾಗ ನಾವು ಒಳಗಿಂದಕ್ಕೂ ಹೊಟ್ಟಿ ಅಂತೀವಿ, ಹೊರಗಿಂದಕ್ಕೂ ಹೊಟ್ಟಿ ಅಂತೀವಿ. ಬಸರಿಗೂ ಹೊಟ್ಟಿನ, ಹಸಿವಿಗೂ ಹೊಟ್ಟಿನ. ಅವರು ಒಳಗಿಂದಕ್ಕ ಸ್ಟಮಕ್ ಅಂತ ಬ್ಯಾರೆ ಇಟ್ಟಾರ. ಮಾಂಸದ ಅಂಗಡ್ಯಾಗ ಬೆಲ್ಲಿ ಅಂದ್ರ ಈ ಪದರು ಅಷ್ಟ." ಆಮೇಲೆ ತಲೆ ಎತ್ತಿ, "ಖರೇದ್ದು ತೋರಸ್ರಿ," ಅಂದರು.

"ಬ್ಯಾಡ್ರಿ ಯಕ್ಕಾ, ನಿಮಗ..."

"ದೂರಿಂದ ನೋಡ್ತೇನಿ. ತೋರಸ್ರಿ."

ಸಕ್ರವ್ವ ತಾಡಪತ್ರಿಯ ಒಂದು ಮೂಲೆ ಎತ್ತಿದರು. ಅಕ್ಕೋರು ನಾಲ್ಕು ಹೆಜ್ಜೆ ಈಚೆ ನಿಂತು, ಸೆರಗು ಮೂಗಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು. ಬಿಳಿ, ಕೆಂಪು, ಬಿಳಿ, ಕೆಂಪು. ಎರಡು ಸಲ ತಲೆಯಾಡಿಸಿ, "ಆತು, ಮುಚ್ಚರಿ," ಅಂದರು. ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಗೆ ತಲೆ ಕೊಟ್ಟು ನಿದ್ದೆ ಮಾಡಿದರು. ಒಂದು ತಿಂಗಳಿಂದ ಅವರು ಹಾಗೆ ಮಲಗಿರಲಿಲ್ಲ ಎಂದು ಆಮೇಲೆ ಖುಶನುಮಾ ಹೇಳಿದಳು.

ಬುಧವಾರ ನಾನು ರಜೆ ಹಾಕಿದೆ, ಇಬ್ಬರೂ ಬಾದಾಮಿಗೆ ಹೊರಟೆವು. ಅಂಜನಾಳಿಗೆ ಆ ವಾರ ಸೂಟಿ ಇಲ್ಲವೆಂದು ಸತ್ಯವ್ವನಿಂದ ತಿಳಿದಿತ್ತು. ಅಮೀನಗಡದಲ್ಲಿ ಬಸ್ಸು ನಿಂತಾಗ ಅಕ್ಕೋರು ಅವಳಿಗೆಂದು ಕರದಂಟು ಕೊಂಡರು.

ಹೋಟೆಲಿನ ಹಿಂದಿನ ಗೇಟಿನಲ್ಲಿ ಕಾವಲುಗಾರ ಒಳಗೆ ಹೇಳಿ ಕಳಿಸಿದ. ಶೆಫ್ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ನಲವತ್ತರ ಆಸುಪಾಸಿನ, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪಿದ್ದ ಮನುಷ್ಯ. ಅಕ್ಕೋರು ಅವರೊಡನೆ ಇಂಗ್ಲಿಷಿನಲ್ಲಿ ಮಾತಾಡಿದರು. ಕ್ಲಾಸಿನಲ್ಲಿ ಮಾತಾಡುತ್ತಿದ್ದಂತೆಯೇ ನಿಧಾನ, ಒಂದೊಂದು ಪದ ತೂಗಿ.

"ಅಂಜನಾ ನನ್ನ ವಿದ್ಯಾರ್ಥಿನಿ. ಪೋರ್ಕ್ ಬೆಲ್ಲಿ ಅಂದರೆ ಏನೆಂದು ಅವಳು ನನ್ನನ್ನು ಕೇಳಿದಳು. ನಾನು ತಪ್ಪು ಹೇಳಿದೆ. ಅವಳ ತಪ್ಪು ಏನಾದರೂ ಇದ್ದರೆ, ಟೀಚರನ್ನು ನಂಬಿದ್ದು. ಅದಕ್ಕೆ ಶಿಕ್ಷೆ ಬೇಡ."

ಶೆಫ್ ನಮ್ಮಿಬ್ಬರನ್ನೂ ನೋಡಿದರು. "ಇದಕ್ಕಾಗಿ ಹುನಗುಂದದಿಂದ ಬಂದಿರಾ?"

"ಇನ್ನೊಂದು ಮಾತಿದೆ. ಇಳಕಲ್ಲಿನ ಸಕ್ರವ್ವ ತನ್ನ ಕೈ ಹೊಲಸೆಂದು ನೀವು ಫೋನು ಎತ್ತುತ್ತಿಲ್ಲ ಎಂದುಕೊಂಡಿದ್ದಾಳೆ."

ಆ ಮಾತಿಗೆ ಅವರು ನಾಚಿಕೊಂಡರು. ಅಷ್ಟು ಸ್ವಚ್ಛವಾಗಿ ತೊಳೆದ ಹೊಟ್ಟೆಯನ್ನು ತಾವು ಗೋವಾದಲ್ಲೂ ಕಂಡಿಲ್ಲ, ಸಿಟ್ಟಿನಲ್ಲಿ ಅದನ್ನು ಹೇಳುವುದು ಉಳಿದುಹೋಯಿತು ಅಂದರು. ಅಂಜನಾ ತಮ್ಮನ್ನು ಮೊದಲೇ ಕೇಳಬಹುದಿತ್ತು, ತಾವು ಕೇಳುವಂಥ ಮುಖ ಇಟ್ಟುಕೊಂಡಿರಲಿಲ್ಲವೇನೋ ಅಂದರು. ಅಷ್ಟರಲ್ಲಿ ಒಳಗಿಂದ ಯಾರೋ ಕರೆದರು. ಹುಡುಗಿಯನ್ನು ಕಳಿಸುತ್ತೇನೆ ಎಂದು ಹೊರಟುಹೋದರು.

ಸಿಬ್ಬಂದಿಯ ಬೈಕು ನಿಲ್ಲಿಸುವ ಬೇವಿನ ಮರದ ಕೆಳಗೆ ನಾವು ಕಾದೆವು. ಅಂಜನಾ ಬಂದಳು. ಬೆರಳುಗಳು ನೀರಿನಲ್ಲಿ ನೆನೆದು ಬಿಳಿಚಿದ್ದವು. ಅಕ್ಕೋರನ್ನು ಕಂಡು ಓಡಿ ಬರಬಹುದು ಎಂದುಕೊಂಡಿದ್ದೆ. ಅವಳು ಮೂರು ಹೆಜ್ಜೆ ದೂರವೇ ನಿಂತಳು.

"ಯಾಕ ಬಂದ್ರಿ ಅಕ್ಕೋರ?"

"ತಪ್ಪು ನಂದು ಅಂತ ಹೇಳಾಕ ಬಂದೆ ಮಗಳ."

"ಯಾರು ಹೇಳ್ರಿ ಅಂದಿದ್ರು? ಶೆಫ್ ಅವತ್ತ ಕೇಳಿದ್ರು, ಹಿಂಗಂತ ನಿನಗ ಯಾರು ಹೇಳಿದ್ರು ಅಂತ. ನಾನ ಅನ್ಕೊಂಡಿದ್ದೆ ಅಂದೆ. ನಿಮ್ಮ ಹೆಸರು ನಾ ಯಾರ ಮುಂದೂ ತಗದಿಲ್ಲ. ಇಲ್ಲಿ ಮಂದಿಗೆ ನಾ ದಿನಾ ನಿಮ್ಮ ಬಗ್ಗೆ ಹೇಳ್ತಿದ್ದೆ. ನಮ್ಮ ಅಕ್ಕೋರಿಗೆ ಗೊತ್ತಿಲ್ಲದ ಇಂಗ್ಲಿಷ್ ಇಲ್ಲ ಅಂತ. ಅದೊಂದು ಉಳೀಲಿ ಅಂತ ಸುಮ್ಮನಿದ್ದೆ. ಈಗ ನೀವ ಬಂದು ಎಲ್ಲಾ ಹೇಳಿಬಿಟ್ರಿ."

ಅಕ್ಕೋರು ಕರದಂಟಿನ ಪೊಟ್ಟಣವನ್ನು ಎದೆಗೆ ಹಿಡಿದುಕೊಂಡು ಹಾಗೇ ನಿಂತರು. ಕಣ್ಣಿನಿಂದ ನೀರು ಇಳಿಯಿತು. ಅದನ್ನು ನೋಡಿ ಅಂಜನಾಳ ಸಿಟ್ಟು ಎಲ್ಲಿ ಹೋಯಿತೋ. ಬಂದು ತನ್ನ ಒದ್ದೆ ಕೈಯಿಂದಲೇ ಅವರ ಕೈ ಹಿಡಿದಳು.

"ಅಳಬ್ಯಾಡ್ರಿ. ಬರ್ರಿ, ಕುಂದರೂಣು ಬರ್ರಿ."

ಮರದ ಕಟ್ಟೆಗೆ ಕೂತ ಮೇಲೆ ಅಕ್ಕೋರು ಸಕ್ರವ್ವನ ಕೌದಿಯ ಕಥೆ ಹೇಳಲು ಸುರುಮಾಡಿದರು. ಅಂಜನಾ ಸ್ವಲ್ಪ ಕೇಳಿ, ನಡುವೆ ತಡೆದಳು.

"ಪದರು ಯಾವಾಗಲೂ ಅಷ್ಟ ಇರೂದಿಲ್ರಿ, ಒಮ್ಮೊಮ್ಮೆ ಇನ್ನೂ ಎರಡು ಹೆಚ್ಚಿಗಿ ಇರತಾವು. ಭಾಂಡೆ ತಿಕ್ಕೂ ಜಾಗಾದಿಂದ ಒಲಿ ಛಲೋ ಕಾಣತೈತಿ, ಒಂದು ತಿಂಗಳಿಂದ ನೋಡಾಕತ್ತೀನಿ. ಚರ್ಮದ ಮ್ಯಾಲೆ ಚಾಕುಲೆ ಸಣ್ಣ ಗೆರಿ ಹೊಡೀತಾರ, ಮಾಂಸಕ್ಕ ತಾಗಬಾರದು. ಉಪ್ಪು ಹಚ್ಚಿ ಒಂದು ದಿನ ಒಣಗಸ್ತಾರ. ಆಮ್ಯಾಲೆ ಸಣ್ಣ ಉರಿ, ಮೂರು ತಾಸು. ಕಡೀಕ ದೊಡ್ಡ ಉರಿ ಕೊಟ್ರ ಚರ್ಮ ಹಪ್ಪಳದಂಗ ಉಬ್ಬತೈತಿ. ಅದಕ್ಕ ಕ್ರ್ಯಾಕ್ಲಿಂಗ್ ಅಂತಾರ."

"ತಡಿ ತಡಿ," ಅಂದರು ಅಕ್ಕೋರು. ಚೀಲದಿಂದ ಪೆನ್ನು ತೆಗೆದರು. ಬರೆಯಲು ಕಾಗದ ಇರಲಿಲ್ಲ, ಕರದಂಟಿನ ಪೊಟ್ಟಣದ ಮೇಲೆಯೇ ಬರೆದುಕೊಂಡರು. "ಕ್ರ್ಯಾಕ್ಲಿಂಗ್... ಹೂಂ. ಮುಂದ?"

ಅಂಜನಾ ಹೇಳುತ್ತ ಹೋದಳು, ಅಕ್ಕೋರು ಬರೆಯುತ್ತ ಹೋದರು. ಒಂದು ಪದದ ಸ್ಪೆಲ್ಲಿಂಗು ಅವಳಿಗೆ ಬರಲಿಲ್ಲ, ಅವರೇ ಹೇಳಿಕೊಟ್ಟರು. ಒಂದು ಕಡೆ ಅವರು ತಪ್ಪು ಕೇಳಿಸಿಕೊಂಡರು, ಅವಳು ತಿದ್ದಿದಳು. ನಾನು ಮೂರು ಗಂಟೆಯ ಬಸ್ಸು ನೆನಪಿಸಿದೆ. ಇಬ್ಬರಿಗೂ ಕೇಳಿಸಲಿಲ್ಲ.

ಅವಳಿಗೆ ಮರುದಿನವೇ ಮಾಂಸದ ಕಟ್ಟೆ ಸಿಗಲಿಲ್ಲ. ಇನ್ನೂ ಎರಡು ವಾರ ಭಾಂಡೆ ತಿಕ್ಕಿದಳು, ಅಲ್ಲಿ ಬೇರೆ ಆಳು ಬಂದ ಮೇಲೆ ಶೆಫ್ ಅವಳನ್ನು ವಾಪಸು ಕರೆದರು. ಸಕ್ರವ್ವನಿಗೆ ಅವರೇ ಫೋನು ಮಾಡಿ, ಅಂಜನಾಳಿಂದ ಕನ್ನಡದಲ್ಲಿ ಮಾತಾಡಿಸಿದರು. "ಪದರು ಬೇಕ್ರಿ ಸಕ್ರವ್ವಾ, ಬೋಟಿ ಅಲ್ಲ," ಅಂದಳಂತೆ ಅವಳು. ಆ ಕಡೆಯಿಂದ ಸಕ್ರವ್ವ ನಕ್ಕದ್ದು ಅಡುಗೆಮನೆಗೆಲ್ಲ ಕೇಳಿಸಿತಂತೆ. ಈಗ ತಿಂಗಳಿಗೆ ಎರಡು ಸಲ ಟಂಟಂ ಬಾದಾಮಿಗೆ ಹೋಗುತ್ತದೆ. ಬೋಟಿ ಮೇಡಂ ಎನ್ನುವ ಹೆಸರು ಮಾತ್ರ ಹೋಗಲಿಲ್ಲ. ಅವಳೂ ಅದಕ್ಕೆ "ಏನ್ಲೇ" ಎಂದು ಓಗೊಡುತ್ತಾಳೆ.

ಈ ಸಲ ರಂಜಾನ್ ಹಬ್ಬದ ದಿನ ಅಂಜನಾ ಮರೋಳದಿಂದ ಬಂದಳು. ಅಪ್ಪ ಅಮಸಿದ್ದಪ್ಪ ಕುರಿಹಾಲು ಕಳಿಸಿದ್ದರು. ಅವಳ ಕೈಯಲ್ಲಿ ಕಾಗದ ಸುತ್ತಿದ ಒಂದು ಬಾಣಲಿ ಇತ್ತು. ಬಾಗಿಲಲ್ಲೇ ನಿಂತು ಖುಶನುಮಾಳಿಗೆ ಹೇಳಿದಳು, "ಇದು ಹೊಸಾದು ಐತ್ರಿ ಅಕ್ಕಾ, ಹೋಟೆಲ್ಲಿಂದಲ್ಲ. ಚಾಕೂನೂ ಹೊಸಾದು ತಂದೀನಿ. ನಾ ಅಲ್ಲಿ ಎಲ್ಲಾ ಮಾಂಸ ಮುಟ್ಟತೇನಿ ನೋಡ್ರಿ, ಅದಕ್ಕ... ಇವತ್ತ ನಾ ಒಂದು ಪಲ್ಯ ಮಾಡಲೇನು? ಬ್ಯಾಡ ಅಂದ್ರ ಬ್ಯಾಡ."

ಒಳಗೆ ಕೂತಿದ್ದ ಅಕ್ಕೋರಿಗೆ ಕೇಳಿಸಿತು.

"ಕೈ ತೊಳಕೊಂಡಿ ಇಲ್ಲ?"

"ತೊಳಕೊಂಡೀನ್ರಿ."

"ಮತ್ತ ಬಾಗಲದಾಗ ಯಾಕ ನಿಂತಿ? ಒಳಗ ಬಾ. ಖುಶನುಮಾ ಮಟನ್ ಆಗಲೇ ತೊಳದು ಇಟ್ಟಾಳ."

ಖುಶನುಮಾ ಈರುಳ್ಳಿ ಹೆಚ್ಚಿ ಕೊಟ್ಟಳು. ಅಂಜನಾ ಮಟನ್ನನ್ನು ಅಪ್ಪ ಮಾಡುತ್ತಿದ್ದ ಹಾಗೆ, ಮಸಾಲೆ ಕೈಯಿಂದ ಅರೆದು ಮಾಡಿದಳು. ಮುನಾಫ ಎರಡು ಸಲ ಅಡುಗೆಮನೆಗೆ ಬಂದು ಮುಚ್ಚಳ ಎತ್ತಿ ಬೈಸಿಕೊಂಡು ಹೋದ. ಎಲ್ಲರೂ ಚಾಪೆಯ ಮೇಲೆ ಕೂತಾಗ ಮೊದಲ ತುತ್ತು ಅಕ್ಕೋರು ತಿಂದರು. ಅಂಜನಾ ಸೌಟು ಹಿಡಿದು ಅವರ ಮುಖವನ್ನೇ ನೋಡುತ್ತ ನಿಂತಿದ್ದಳು.

"ಉಪ್ಪು ಒಂಚೂರು ಕಮ್ಮಿ ಆಗೇತಿ," ಅಂದರು ಅಕ್ಕೋರು, ತಾಟು ಮುಂದೆ ಚಾಚಿ. "ಇನ್ನೊಂದೀಟು ಪಲ್ಯ ಹಾಕು."